ಹನ್ನೊಂದು ನಿಮಿಷದ ನಿದ್ದೆ

ಮಗು ಬೀಳುತ್ತದೆ. ಅಳಲು ಬಾಯಿ ತೆರೆಯುತ್ತದೆ. ಅಳು ಹೊರಗೆ ಬರುವುದಿಲ್ಲ.

ಎರಡು ಮೂರು ವರ್ಷದ ಮಕ್ಕಳನ್ನು ಸಾಕಿದವರಲ್ಲಿ ಕೆಲವರಿಗಾದರೂ ಈ ಗಳಿಗೆ ಗೊತ್ತು. ತೆರೆದ ಬಾಯಿ ತೆರೆದೇ ಇರುತ್ತದೆ. ಹೋದ ಉಸಿರು ತಿರುಗಿ ಬರುವುದಿಲ್ಲ. ತುಟಿ ನೀಲಿಯಾಗುತ್ತದೆ, ಇಲ್ಲವೇ ಮುಖ ಸುಣ್ಣದಂತೆ ಬಿಳಿಚಿಕೊಳ್ಳುತ್ತದೆ. ಮೈ ಸೋತು ತಾಯಿಯ ತೊಡೆಯ ಮೇಲೆ ಒರಗುತ್ತದೆ. ಹಳಬರು ಮುಖಕ್ಕೆ ಗಾಳಿ ಊದಿ, ಮನೆದೇವರ ಹೆಸರು ಹೇಳುತ್ತ ಕಾಯುತ್ತಿದ್ದರು. ಅರ್ಧ ನಿಮಿಷದೊಳಗೆ ಮಗು ತಾನಾಗಿಯೇ ಕಣ್ಣು ಬಿಡುತ್ತಿತ್ತು. ಐದು ವರ್ಷ ತುಂಬುವುದರೊಳಗೆ ಬಹುಪಾಲು ಮಕ್ಕಳು ಇದನ್ನು ದಾಟಿಬಿಡುತ್ತವೆ ಎಂದು ವೈದ್ಯರೂ ಹೇಳುತ್ತಿದ್ದರು. ಆದರೆ ಬಿಳಿಚಿಕೊಳ್ಳುವ ಮಕ್ಕಳಲ್ಲಿ ಕೆಲವಕ್ಕೆ ಆ ಗಳಿಗೆಯಲ್ಲಿ ನಿಲ್ಲುವುದು ಉಸಿರು ಮಾತ್ರವಲ್ಲ, ಎದೆಬಡಿತವೂ. ಹತ್ತು ಸೆಕೆಂಡು, ಹದಿನೈದು, ಒಮ್ಮೊಮ್ಮೆ ಇಪ್ಪತ್ತು. ಬಡಿಯದ ಎದೆಯನ್ನು ಅಪ್ಪಿಕೊಂಡು ಆ ಇಪ್ಪತ್ತು ಸೆಕೆಂಡು ಕೂತ ತಾಯಿಗೆ ‘ದಾಟಿಬಿಡುತ್ತದೆ’ ಎಂಬ ಮಾತು ಸಾಲುವುದಿಲ್ಲ.

ಅಂಥ ತಾಯಂದಿರಿಗಾಗಿಯೇ ‘ಕಾವಲು’ ಬಂದಿತ್ತು. ಅಕ್ಕಿಕಾಳಿನಷ್ಟು ದೊಡ್ಡ ಯಂತ್ರ. ಕಾಲಿನ ರಕ್ತನಾಳದ ಮೂಲಕ ಮೇಲೇರಿಸಿ ಹೃದಯದ ಒಳಗೋಡೆಗೆ ಅಂಟಿಸುತ್ತಿದ್ದರು. ಬಡಿತ ನಿಂತು ಮೂರು ಸೆಕೆಂಡು ಕಳೆದರೆ ಸಾಕು, ಅದು ಸಣ್ಣ ಮಿಂಚಿನ ಮಿಡಿತ ಕೊಟ್ಟು ಹೃದಯವನ್ನು ನಡೆಸುತ್ತಿತ್ತು. ಮಗುವಿನ ಸ್ವಂತ ಬಡಿತ ಮರಳಿದ ಕೂಡಲೇ ಸುಮ್ಮನಾಗುತ್ತಿತ್ತು. ಧಾರವಾಡದ ಹೊರವಲಯದ ಒಂದು ಸಂಸ್ಥೆ ಇದನ್ನು ಮಾಡಿತು. ಮೂರು ವರ್ಷದಲ್ಲಿ ಸುತ್ತಲ ನಾಲ್ಕು ಜಿಲ್ಲೆಗಳ ಇನ್ನೂರ ಹನ್ನೆರಡು ಮಕ್ಕಳ ಎದೆಯಲ್ಲಿ ಕಾವಲು ಕೂತಿತ್ತು.

ವತ್ಸಲಾ ಹಂಚಿನಾಳ ಆ ಸಂಸ್ಥೆಯ ನಿಗಾ ಕೊಠಡಿಯಲ್ಲಿ ಹಗಲು ಪಾಳಿಯ ತಂತ್ರಜ್ಞೆ. ಮೂವತ್ತೊಂಬತ್ತು ವರ್ಷ. ಎಲ್ಲೋ ಒಂದು ಮಗುವಿಗೆ ಉಸಿರು ಕಟ್ಟಿದರೆ ಅದರ ಬಡಿತದ ಗೆರೆ ಅವಳ ಪರದೆಯ ಮೇಲೆ ಮೂಡುತ್ತಿತ್ತು. ಅವಳು ಮಾಡಬೇಕಾದದ್ದು ಏನೂ ಇರಲಿಲ್ಲ. ಕಾವಲು ತಾನೇ ನೋಡಿಕೊಳ್ಳುತ್ತಿತ್ತು. ಆದರೂ ಗೆರೆ ಮೂಡಿದಾಗಲೆಲ್ಲ ವತ್ಸಲಾ ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟು ಕೂರುತ್ತಿದ್ದಳು. ಯಾಕೆಂದರೆ ಕಾವಲು ಮಿಡಿಸುತ್ತಿದ್ದದ್ದು ಅವಳ ಮಗಳ ಎದೆಬಡಿತವನ್ನು.

ಅದು ಆದದ್ದು ಹೀಗೆ. ಮೊದಲ ಕಾವಲುಗಳು ಗಡಿಯಾರದಂತೆ ಒಂದೇ ಸಮನೆ ಬಡಿಯುತ್ತಿದ್ದವು. ಮಕ್ಕಳು ಎಚ್ಚರವಾದ ಮೇಲೆ ತಾಸುಗಟ್ಟಲೆ ಬೆದರಿ ಚೀರುತ್ತಿದ್ದವು. ಜೀವಂತ ಹೃದಯ ಗಡಿಯಾರವಲ್ಲ. ಉಸಿರು ಎಳೆದಾಗ ತುಸು ಓಡುತ್ತದೆ, ಬಿಟ್ಟಾಗ ತುಸು ನಿಧಾನಿಸುತ್ತದೆ. ಹಾಗಿದ್ದರೆ ಆರೋಗ್ಯವಂತ ಮಗುವೊಂದರ ನಿಜವಾದ ಬಡಿತವನ್ನೇ ತುಂಬಿದರೆ? ಸಂಸ್ಥೆಯ ನೌಕರರು ತಮ್ಮ ಮಕ್ಕಳನ್ನು ಕರೆತಂದರು. ಏಳನೆಯವಳು ವತ್ಸಲಾಳ ಮಗಳು ಗೌತಮಿ. ಆಗ ಎರಡು ವರ್ಷ. ಪ್ರಯೋಗಾಲಯದ ಸೋಫಾದ ಮೇಲೆ ಮಧ್ಯಾಹ್ನ ಹನ್ನೊಂದು ನಿಮಿಷ ನಿದ್ದೆ ಮಾಡಿದಳು. ಆ ಹನ್ನೊಂದು ನಿಮಿಷವೇ ಎಲ್ಲಕ್ಕಿಂತ ಚೆನ್ನಾಗಿತ್ತು. ಅದಕ್ಕೆ ‘ಮಾದರಿ ಏಳು’ ಎಂದು ಹೆಸರಿಟ್ಟು ಎಲ್ಲ ಕಾವಲುಗಳಿಗೂ ತುಂಬಿದರು.

ಗೌತಮಿ ಐದನೆಯ ವರ್ಷದಲ್ಲಿ ಮಿದುಳು ಜ್ವರ ಬಂದು ಮೂರೇ ದಿನದಲ್ಲಿ ತೀರಿಕೊಂಡಳು. ಸಂಸ್ಥೆಯ ಮುಖ್ಯಸ್ಥರೂ ಮಕ್ಕಳ ಹೃದಯವೈದ್ಯರೂ ಆದ ಡಾಕ್ಟರ್ ಇನಾಮದಾರ ಆಗ ಕೇಳಿದ್ದರು: “ಮಾದರಿ ಬದಲಾಯಿಸೋಣೇನು?” ವತ್ಸಲಾ, “ಇರಲಿ ಬಿಡ್ರಿ ಸರ್, ನಾಕು ಮಕ್ಕಳಿಗೆ ಉಪಯೋಗ ಆಗ್ಲಿ,” ಅಂದಿದ್ದಳು. ಮಾದರಿ ಏಳು ಯಾರದೆಂದು ಅವರಿಬ್ಬರಿಗೆ ಬಿಟ್ಟರೆ ಇನ್ನಾರಿಗೂ ನೆನಪಿರಲಿಲ್ಲ. ಗಂಡ ಪ್ರಹ್ಲಾದನಿಗೂ ಅವಳು ಹೇಳಿರಲಿಲ್ಲ.

ಹೀಗೆ ದಿನಕ್ಕೆ ಎಂಟು ಹತ್ತು ಸಲ, ಹಾವೇರಿಯಲ್ಲೋ ಗದಗಿನಲ್ಲೋ ಯಾವುದೋ ಮಗು ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡಾಗ, ವತ್ಸಲಾಳ ಪರದೆಯ ಮೇಲೆ ಗೌತಮಿ ನಿದ್ದೆ ಮಾಡುತ್ತಿದ್ದಳು. ಒಂಬತ್ತನೆಯ ಸೆಕೆಂಡಿಗೆ ಅವಳೊಮ್ಮೆ ಬಿಕ್ಕಿದಂತೆ ಎರಡು ಸಲ ಉಸಿರು ಎಳೆದುಕೊಂಡು ದೀರ್ಘವಾಗಿ ಬಿಟ್ಟಿದ್ದಳು. ಮೂರು ಬಡಿತ ಅವಸರದಲ್ಲಿ, ಆಮೇಲೊಂದು ತಡೆದು. ಗೆರೆಯಲ್ಲಿ ಆ ನಿಟ್ಟುಸಿರು ಕಾಣುತ್ತಿತ್ತು.

ಬ್ಯಾಡಗಿಯಿಂದ ಫೋನ್ ಬಂದದ್ದು ಫೆಬ್ರುವರಿಯ ಒಂದು ಬೆಳಿಗ್ಗೆ. ಇಂಚರ ಎಂಬ ಎರಡೂವರೆ ವರ್ಷದ ಹುಡುಗಿಯ ಅಜ್ಜಿ, ಗುರುಬಸವ್ವ.

“ಕೂಸು ಚಲೋ ಐತ್ರಿ ಅಕ್ಕಾರ. ಅದಕ್ಕ ಫೋನ್ ಹಚ್ಚಿಲ್ಲ. ಬ್ಯಾರೇ ಒಂದ್ ಮಾತು ಕೇಳೋದಿತ್ತು.”

“ಕೇಳ್ರಿ ಅಜ್ಜಿ.”

“ಆ ಅಕ್ಕಿಕಾಳು ಐತೆಲ್ರಿ, ಅದನ್ನ ಯಾರದರೆ ಎದೀಂದ ತಗದು ಹಾಕೀರೇನ್ರಿ?”

“ಇಲ್ರಿ. ಹೊಸಾದು. ಯಾಕ್ರಿ?”

“ಅದು ಶುರು ಆದಾಗ ನಮ್ಮ ಕೂಸು ನಮ್ಮ ಕೂಸಿನಂಗ ಉಸುರಾಡೂದಿಲ್ರಿ. ಬ್ಯಾರೇ ಯಾರೋ ಉಸುರಾಡಿದಂಗ ಆಕ್ಕೈತಿ. ನನ್ನ ಸೊಸಿಗೆ ಹೇಳಿದ್ರ, ನಿನಗ ಅರಳು ಮರಳು ಅಂತಾಳ. ನೀವರೆ ಒಂದ್ ಸಲ ಬಂದು ನೋಡ್ರಿ.”

ಮರುದಿನವೇ ವತ್ಸಲಾ ರಜೆ ಹಾಕಿ ಬ್ಯಾಡಗಿಗೆ ಹೋದಳು. ಬಸ್ಸಿನಿಂದ ಇಳಿಯುವಾಗಲೇ ಮೆಣಸಿನಕಾಯಿಯ ಘಾಟು ಮೂಗಿಗೆ ಹತ್ತಿತು. ಗುರುಬಸವ್ವನ ಮನೆಯ ಪಡಸಾಲೆಯಲ್ಲೂ ಮೆಣಸಿನಕಾಯಿಯ ಚೀಲಗಳನ್ನು ಎದೆಮಟ್ಟ ಪೇರಿಸಿದ್ದರು. ಅತ್ತೆ ಸೊಸೆ ತೊಟ್ಟು ಬಿಡಿಸುವ ಕೆಲಸ ಮಾಡುತ್ತಿದ್ದರು. ಸೊಸೆ ನೀಲವ್ವ, ಇಂಚರಳ ತಾಯಿ, ಇಪ್ಪತ್ತಾರರ ಗಟ್ಟಿ ಹೆಂಗಸು. ಗಂಡ ಟೆಂಪೊ ಓಡಿಸುತ್ತಿದ್ದ. ಮನೆಗೆ ಬರುವುದು ಎರಡು ದಿನಕ್ಕೊಮ್ಮೆ.

“ನಮ್ಮತ್ತಿ ಮಾತು ಕೇಳಿ ಧಾರವಾಡದಿಂದ ಬಂದ್ರೇನ್ರಿ?” ನೀಲವ್ವ ನಕ್ಕಳು. “ಕೂಸು ಬಂಗಾರದಂಗ ಐತ್ರಿ. ಮೊದಲ ಬಿದ್ರ ಹೆಣದಂಗ ಆಗ್ತಿತ್ತು. ಈಗ ಅಳೋದೂ ಇಲ್ಲ. ಬಿದ್ರೂ ಅಳೂದಿಲ್ಲ, ಬೈದ್ರೂ ಅಳೂದಿಲ್ಲ. ಓಣ್ಯಾಗಿನವರೆಲ್ಲ ಎಷ್ಟ್ ಶಾಣ್ಯಾ ಕೂಸು ಅಂತಾರ.”

“ಎಷ್ಟು ದಿನದಿಂದ ಅಳೋದಿಲ್ಲ?”

ನೀಲವ್ವ ಯೋಚಿಸಿದಳು. “ದೀಪಾವಳಿಯಿಂದ ಇರಬೇಕ್ರಿ.”

ಇಂಚರ ಕಂಬದ ಹಿಂದಿನಿಂದ ನೋಡುತ್ತಿದ್ದಳು. ದುಂಡು ಮುಖ, ಕೆದರಿದ ಕೂದಲು. ಗೌತಮಿಯ ಹೋಲಿಕೆ ಎಳ್ಳಷ್ಟೂ ಇರಲಿಲ್ಲ. ವತ್ಸಲಾಳಿಗೆ ಅದು ಸಮಾಧಾನವೆನಿಸಿತು.

ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ. ಮಗು ಹೊಸ್ತಿಲು ಎಡವಿ ಮುಂದಕ್ಕೆ ಬಿತ್ತು. ಬಾಯಿ ತೆರೆಯಿತು. ಮುಖದ ಬಣ್ಣ ಇಳಿಯಿತು. ಒಂದು, ಎರಡು, ಮೂರು. ಆಮೇಲೆ ತೆರೆದ ಬಾಯಿ ಮೆಲ್ಲಗೆ ಮುಚ್ಚಿಕೊಂಡಿತು. ಬಣ್ಣ ಮರಳಿತು. ಕಣ್ಣು ತೆರೆದೇ ಇದ್ದವು, ಆದರೆ ಯಾರನ್ನೂ ನೋಡುತ್ತಿರಲಿಲ್ಲ. ಗುರುಬಸವ್ವ ಮಗುವನ್ನೆತ್ತಿ ವತ್ಸಲಾಳ ಮಡಿಲಿಗೆ ಹಾಕಿದಳು. “ಈಗ ನೋಡ್ರಿ.”

ವತ್ಸಲಾ ಎದೆಯ ಮೇಲೆ ಅಂಗೈಯಿಟ್ಟಳು. ಮಗು ನಿದ್ದೆಯ ಉಸಿರು ಆಡುತ್ತಿತ್ತು. ಬಡಿತ ಓಡಿದಾಗ ಎದೆ ಉಬ್ಬುತ್ತಿತ್ತು, ನಿಧಾನಿಸಿದಾಗ ಇಳಿಯುತ್ತಿತ್ತು. ಹೃದಯ ಉಸಿರನ್ನು ಹಿಂಬಾಲಿಸಬೇಕು. ಇಲ್ಲಿ ಉಸಿರು ಹೃದಯವನ್ನು ಹಿಂಬಾಲಿಸುತ್ತಿತ್ತು. ಒಂಬತ್ತನೆಯ ಸೆಕೆಂಡಿಗೆ ಇಂಚರ ಬಿಕ್ಕಿದಂತೆ ಎರಡು ಸಲ ಉಸಿರೆಳೆದು, ದೀರ್ಘವಾಗಿ ಬಿಟ್ಟಳು. ಬೆಚ್ಚನೆಯ ಗಾಳಿ ವತ್ಸಲಾಳ ಕುತ್ತಿಗೆಗೆ ತಾಗಿತು. ಅವಳು ಕಣ್ಣು ಮುಚ್ಚಿಕೊಂಡಳು. ಆ ಉಸಿರು ಅವಳಿಗೆ ಗೊತ್ತಿತ್ತು. ಹೆತ್ತವಳಿಗಲ್ಲದೆ ಬೇರಾರಿಗೂ ಅಷ್ಟು ಗೊತ್ತಿರುವ ಹಾಗಿರಲಿಲ್ಲ.

ಎರಡು ನಿಮಿಷವಾದರೂ ಮಗು ಹಾಗೆಯೇ ಇತ್ತು. ಆಮೇಲೆ ಒಮ್ಮೆ ಮೈಮುರಿದು, ಇಳಿದು, ಏನೂ ಆಗಿಲ್ಲವೆಂಬಂತೆ ಆಡಲು ಹೋಯಿತು.

“ಕೇಳಿಸ್ತೇನ್ರಿ?” ಗುರುಬಸವ್ವ ಪಿಸುಗುಟ್ಟಿದಳು. “ಮೊದಲ ಚಿಟಿಕಿ ಹೊಡೆಯೋದ್ರಾಗ ಮುಗೀತಿತ್ತು. ಈಗ ಎಲ್ಲಿಗೋ ಹೋಗಿ ಕುಂತುಬಿಡತೈತಿ. ದಿನಾ ಸ್ವಲ್ಪ ಸ್ವಲ್ಪ ದೂರ ಹೊಕ್ಕೈತಿ.”

ವತ್ಸಲಾ ಆಗಲೇ ಹೊರಡಬಹುದಿತ್ತು. ಹೊರಡಲಿಲ್ಲ. ನೀಲವ್ವ ಚಹಾ ಮಾಡಲು ಒಳಗೆ ಹೋದಳು. ಗುರುಬಸವ್ವ ನಲ್ಲಿಗೆ ನೀರು ಬಂತೆಂದು ಕೊಡ ತೆಗೆದುಕೊಂಡು ಹೋದಳು. ಪಡಸಾಲೆಯಲ್ಲಿ ವತ್ಸಲಾ ಮತ್ತು ಮಗು ಇಬ್ಬರೇ.

ಇಂಚರ ಚೀಲಗಳ ಮೇಲೆ ಹತ್ತತೊಡಗಿದಳು. ಮೊದಲ ಚೀಲ, ಎರಡನೆಯದು, ಮೂರನೆಯದು. ಮೇಲಿನ ಚೀಲ ಸಡಿಲವಾಗಿ ಓಲಾಡುತ್ತಿತ್ತು. ವತ್ಸಲಾ ಕೂತಲ್ಲಿಂದ ಕೈ ಚಾಚಿದರೆ ಸಿಗುವಷ್ಟು ದೂರ. ‘ಇಳಿ ಪುಟ್ಟಿ’ ಎಂಬ ಮಾತು ಗಂಟಲಲ್ಲಿತ್ತು. ಅವಳು ಹೇಳಲಿಲ್ಲ. ಕೈಯನ್ನೂ ಚಾಚಲಿಲ್ಲ. ಚೀಲ ಜಾರುವುದನ್ನು ನೋಡುತ್ತ ಕೂತಳು. ಮಗು ಹಿಮ್ಮುಖವಾಗಿ ಬಿತ್ತು. ತಲೆ ನೆಲಕ್ಕೆ ಬಡಿದ ಸದ್ದಾಯಿತು.

ಸದ್ದು ಕೇಳಿ ಓಡಿಬಂದ ನೀಲವ್ವನಿಗೆ ಕಂಡದ್ದು, ನೆಲದ ಮೇಲೆ ಕೂತು ತನ್ನ ಮಗಳನ್ನು ಎದೆಗೊತ್ತಿಕೊಂಡು, ಕಣ್ಣು ಮುಚ್ಚಿ ತೂಗುತ್ತಿದ್ದ ಧಾರವಾಡದ ಹೆಂಗಸು. ಮಗುವಿನ ಹಿಂದಲೆಯಿಂದ ಒಂದು ಎಳೆ ರಕ್ತ ಇಳಿಯುತ್ತಿತ್ತು. ಮಗು ಅಳುತ್ತಿರಲಿಲ್ಲ.

“ಅಕ್ಕಾರ, ರಕ್ತ!” ನೀಲವ್ವ ಮಗುವನ್ನು ಕಿತ್ತುಕೊಂಡಳು. ವತ್ಸಲಾ ಕಣ್ಣು ಬಿಟ್ಟು ತನ್ನ ಅಂಗೈ ನೋಡಿಕೊಂಡಳು. ಗಾಯ ಸಣ್ಣದು, ಹತ್ತಿರದ ದವಾಖಾನೆಯಲ್ಲಿ ಎರಡು ಹೊಲಿಗೆ ಹಾಕಿದರು. ಹೊಲಿಯುವಾಗಲೂ ಇಂಚರ ನಿದ್ದೆಯ ಉಸಿರು ಆಡುತ್ತ ಗೋಡೆ ನೋಡುತ್ತಿದ್ದಳು. ಹೊಲಿದ ಕಂಪೌಂಡರ್, “ಇಂಥಾ ಕೂಸನ್ನ ನಾ ನೋಡಿಲ್ಲ,” ಎಂದ. ಅವನ ದನಿಯಲ್ಲಿ ಮೆಚ್ಚುಗೆ ಇರಲಿಲ್ಲ.

ಧಾರವಾಡಕ್ಕೆ ಮರಳಿದವಳೇ ವತ್ಸಲಾ ಮೂರು ವರ್ಷದ ದಾಖಲೆಗಳನ್ನು ತೆಗೆದು ಕೂತಳು. ಇಂಚರಳ ಎದೆಯಲ್ಲಿ ಕಾವಲು ಮೊದಮೊದಲು ಓಡುತ್ತಿದ್ದದ್ದು ಹನ್ನೆರಡು ಸೆಕೆಂಡು. ಆರು ತಿಂಗಳ ಮೇಲೆ ನಲವತ್ತು. ದೀಪಾವಳಿಯ ಹೊತ್ತಿಗೆ ಒಂದು ನಿಮಿಷ ದಾಟಿತ್ತು. ಹಿಂದಿನ ವಾರ ಒಮ್ಮೆ ಹನ್ನೊಂದು ನಿಮಿಷ ಪೂರ್ತಿ ಓಡಿ, ಮತ್ತೆ ಮೊದಲಿನಿಂದ ಶುರುವಾಗಿತ್ತು. ಅವಳು ಉಳಿದ ಮಕ್ಕಳನ್ನೂ ನೋಡಿದಳು. ಪದೇ ಪದೇ ಉಸಿರು ಕಟ್ಟುವ ಮೂವತ್ತೊಂದು ಮಕ್ಕಳಲ್ಲಿ ಇದೇ ಕತೆ. ಮನೆಗಳಿಗೆ ಫೋನ್ ಮಾಡಿ ಕೇಳಿದರೆ, ಆ ಮಕ್ಕಳೂ ಅಳುವುದು ಬಿಟ್ಟಿದ್ದವು. ಯಾವ ಸಲವೂ ಯಾವ ಮಗುವಿಗೂ ಅಪಾಯವಾಗಿರಲಿಲ್ಲವಾದ್ದರಿಂದ ಯಂತ್ರ ಎಚ್ಚರಿಕೆಯ ಗಂಟೆ ಬಾರಿಸಿರಲಿಲ್ಲ. ದಿನವೂ ಆ ಪರದೆಯ ಮುಂದೆ ಕೂತಿದ್ದವಳು ತಾನೇ. ಗೆರೆ ನೋಡುವುದರಲ್ಲಿ ಮೈಮರೆತು ಗಡಿಯಾರ ನೋಡಿರಲಿಲ್ಲ.

ಕಾರಣ ಕಂಡುಹಿಡಿಯುವುದು ಕಷ್ಟವಾಗಲಿಲ್ಲ. ಬಡಿತ ಹುಟ್ಟಿಸುವ ಗಂಟೊಂದು ಹೃದಯದಲ್ಲೇ ಇದೆ. ಬೇರೆ ಯಾರೋ ಬಡಿಸುತ್ತಿದ್ದರೆ ಅದು ಸುಮ್ಮನಿರುತ್ತದೆ. ಜೊತೆಗೆ, ಕಾವಲು ಮಿಡಿಸುತ್ತಿದ್ದದ್ದು ಮಲಗಿದ ಮಗುವಿನ ಬಡಿತ. ಮೈ ಅದನ್ನು ನಂಬಿತು. ಉಸಿರು ನಿದ್ದೆಯ ಉಸಿರಾಯಿತು. ಆ ಉಸಿರು ಹೃದಯವನ್ನು ನಿಧಾನಗೊಳಿಸುವ ನರವನ್ನು ಇನ್ನಷ್ಟು ಬಿಗಿಮಾಡಿತು. ಆಸರೆಯೇ ಹೃದಯವನ್ನು ಒತ್ತಿ ಹಿಡಿದಿತ್ತು.

ಡಾಕ್ಟರ್ ಇನಾಮದಾರ ಎಲ್ಲವನ್ನೂ ಎರಡು ಸಲ ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇನ್ನೂರ ಹನ್ನೆರಡರಾಗ ಒಂದೂ ಸತ್ತಿಲ್ಲ, ವತ್ಸಲಾ.”

“ಮೂವತ್ತೊಂದು ಅಳೋದು ಬಿಟ್ಟಾವ, ಸರ್.”

“ಕಾವಲು ತಡಾ ಮಾಡಿ ಶುರು ಆಗೋ ಹಂಗ ಮಾಡಿದ್ವಿ ಅನ್ನು. ಒಂದು ಕೂಸಿನ ಎದಿ ತಾನಾಗಿ ಶುರು ಆಗಲಿಲ್ಲ. ಆಗ?”

“ಇಪ್ಪತ್ತೈದು ಸೆಕೆಂಡಿಗೆ ಕಾವಲು ಹಿಡೀಲಿ. ಆದರ ಗಡಿಯಾರದಂಗ ಬಡೀಲಿ, ಸರ್. ಮಾದರಿ ಏಳು ಬ್ಯಾಡ.”

ಇನಾಮದಾರ ಅವಳ ಮುಖ ನೋಡಿದರು. “ಅದು ನಿನ್ನ…”

“ಹೌದ್ರಿ. ಮೊನ್ನೆ ಬ್ಯಾಡಗ್ಯಾಗ ಒಂದು ಕೂಸು ಬೀಳೋದನ್ನ ನೋಡ್ಕೋತ ಕುಂತಿದ್ದೆ, ಸರ್. ಹಿಡೀಬಹುದಿತ್ತು. ಬೀಳ್ಲಿ ಅಂತ ಕುಂತೆ. ಎರಡು ಹೊಲಿಗಿ ಬಿದ್ದಾವ.” ಅವಳ ದನಿ ಏರಲಿಲ್ಲ. “ಇನ್ನ ನನ್ನ ಆ ಪರದೆ ಮುಂದ ಕುಂಡ್ರಿಸಬ್ಯಾಡ್ರಿ.”

ಮೊದಲ ಪ್ರಯತ್ನ ಇಂಚರಳ ಮೇಲೆಯೇ ಆಗಬೇಕಿತ್ತು. ಎಲ್ಲರಿಗಿಂತ ದೂರ ಹೋಗಿದ್ದವಳು ಅವಳು. ನೀಲವ್ವ ಒಪ್ಪಲಿಲ್ಲ. ಧಾರವಾಡಕ್ಕೆ ಬಂದು, ವಾರ್ಡಿನ ಬೆಂಚಿನ ಮೇಲೆ ಮಗಳನ್ನು ಅವಚಿಕೊಂಡು ಕೂತಳು.

“ನಿಂತ ಎದೀ ಮ್ಯಾಲೆ ನೀವು ಕೈ ಇಟ್ಟೀರೇನ್ರಿ ಅಕ್ಕಾರ? ನಾ ಇಟ್ಟೀನಿ. ಮತ್ತೊಮ್ಮೆ ಇಡಾಕ ನನ್ನ ಕೈಲೆ ಆಗೂದಿಲ್ಲ.”

“ಇಟ್ಟೀನಿ,” ಎಂದಳು ವತ್ಸಲಾ. ಆಮೇಲೆ ಎಲ್ಲವನ್ನೂ ಹೇಳಿದಳು. ಸೋಫಾದ ಮೇಲಿನ ನಿದ್ದೆ, ಮೂರು ದಿನದ ಜ್ವರ, ಮೆಣಸಿನಕಾಯಿ ಚೀಲ. ಹಿಡಿಯಬಹುದಾಗಿದ್ದನ್ನು ಹಿಡಿಯದೆ ಕೂತದ್ದನ್ನೂ ಬಿಡಲಿಲ್ಲ.

ನೀಲವ್ವ ಹೊಡೆದಾಳೆಂದು ವತ್ಸಲಾ ಅಂದುಕೊಂಡಿದ್ದಳು. ನೀಲವ್ವ ಹೊಡೆಯಲಿಲ್ಲ. ಮಗಳ ಎದೆಯ ಮೇಲೆ ತನ್ನ ಕೈಯನ್ನು ಅಡ್ಡವಿಟ್ಟುಕೊಂಡಳು.

“ಹಂಗಾದ್ರ,” ಎಂದಳು, “ನನ್ನ ಮಗಳ ಎದಿ ಯಾವಾಗ ಬಡೀತೈತ್ರಿ?”

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ವತ್ಸಲಾ ತನ್ನ ಕೈಯಾರೆ ಇಂಚರಳ ಕಾವಲಿನಿಂದ ಮಾದರಿ ಏಳನ್ನು ಅಳಿಸಿ, ಅದು ಇಪ್ಪತ್ತೈದು ಸೆಕೆಂಡು ಕಾಯುವಂತೆ ಹೊಂದಿಸಿದಳು. ಎದೆಯ ಮೇಲೆ ಅಂಗೈಯಗಲದ ಬಿಲ್ಲೆಯೊಂದನ್ನು ಹಿಡಿದು ಎರಡು ಗುಂಡಿ ಒತ್ತಿದರೆ ಮುಗಿಯಿತು. ಇನಾಮದಾರ ಹಾಸಿಗೆಯ ಪಕ್ಕ ನಿಂತರು. ಆಮ್ಲಜನಕ, ಔಷಧ ಎಲ್ಲ ಸಿದ್ಧವಿತ್ತು. ಮಗುವಿನ ರಕ್ತದಲ್ಲಿ ಕಬ್ಬಿಣದ ಅಂಶ ಎಷ್ಟಿದೆ ಎಂದು ಹೇಗೂ ನೋಡಬೇಕಿತ್ತು. ನರ್ಸು ತೋಳಿಗೆ ಸೂಜಿ ಚುಚ್ಚಿದಳು.

ಇಂಚರ ಬಾಯಿ ತೆರೆದಳು.

ಅಳು ಬರಲಿಲ್ಲ. ಮುಖ ಬಿಳಿಚಿತು. ಪರದೆಯ ಮೇಲಿನ ಗೆರೆ ನೆಟ್ಟಗಾಯಿತು. ಮೂರು ಸೆಕೆಂಡು. ಯಾವ ನಿದ್ದೆಯೂ ಅವಳನ್ನು ಎತ್ತಿಕೊಳ್ಳಲಿಲ್ಲ. ಐದು. ಎಂಟು. ಮಗುವಿನ ಕಣ್ಣು ಮೇಲಕ್ಕೆ ತಿರುಗಿತು, ಕೈಕಾಲು ಒಮ್ಮೆ ಸೆಟೆದು ಜೋತುಬಿದ್ದವು. ನೀಲವ್ವ ಮಗಳ ಕಿವಿಯಲ್ಲಿ ಏನನ್ನೋ ಹೇಳುತ್ತಿದ್ದಳು. ಹೆಸರು ಹಿಡಿದು ಕರೆಯುತ್ತಿದ್ದಳೆಂದು ಆಮೇಲೆ ಗೊತ್ತಾಯಿತು. ಹನ್ನೊಂದು. ಹದಿನಾಲ್ಕು. ಇನಾಮದಾರರ ಹಣೆಯಿಂದ ಬೆವರು ಹಾಸಿಗೆಯ ಮೇಲೆ ತೊಟ್ಟಿಕ್ಕಿತು. ಹದಿನೇಳು. ಗೆರೆ ನೆಟ್ಟಗೇ ಇತ್ತು. ಹತ್ತೊಂಬತ್ತು. ನರ್ಸು ಮುಖ ಆಚೆ ತಿರುಗಿಸಿದಳು.

ಇಪ್ಪತ್ತೊಂದನೆಯ ಸೆಕೆಂಡಿಗೆ ಗೆರೆ ಒಮ್ಮೆ ಜಿಗಿಯಿತು. ಮತ್ತೆ ನಿಂತಿತು. ಆಮೇಲೆ ಇನ್ನೊಂದು. ಆಮೇಲೆ ಎರಡು ಒಟ್ಟಿಗೆ, ಒಂದನ್ನೊಂದು ತುಳಿದುಕೊಂಡು. ತಾಳವಿಲ್ಲದ, ಒರಟಾದ ಬಡಿತ. ವತ್ಸಲಾ ಅಂಥದನ್ನು ಹಿಂದೆಂದೂ ಕಂಡಿರಲಿಲ್ಲ. ಇಂಚರ ಕರಕರ ಸದ್ದು ಮಾಡುತ್ತ ಉಸಿರೆಳೆದುಕೊಂಡಳು. ಹಾಸಿಗೆ ಒದ್ದೆಯಾಯಿತು. ಆಮೇಲೆ, ದೀಪಾವಳಿಯಿಂದ ಕಟ್ಟಿಟ್ಟಿದ್ದನ್ನೆಲ್ಲ ಒಟ್ಟಿಗೆ ಬಿಟ್ಟಂತೆ ಚೀರಿದಳು. ನರ್ಸಿನ ಕೆನ್ನೆ ಪರಚಿದಳು, ಸೂಜಿ ಕಿತ್ತೆಸೆದಳು, ತಾಯಿಯ ಸೆರಗು ಹಿಡಿದು ಎಳೆದಾಡಿದಳು. ಪಕ್ಕದ ವಾರ್ಡಿನವರೆಲ್ಲ ಬಾಗಿಲಿಗೆ ಬಂದು ನಿಂತರು. ಯಾರೋ ಬಾಳೆಹಣ್ಣು ಚಾಚಿ ಸುಮ್ಮನಿರಿಸಲು ನೋಡಿದರು.

“ಅಳ್ಲಿ ಬಿಡ್ರಿ,” ನೀಲವ್ವ ಗದರಿದಳು. ಅವಳೂ ಅಳುತ್ತಿದ್ದಳು.

ಉಳಿದ ಇನ್ನೂರ ಹನ್ನೊಂದು ಮಕ್ಕಳದ್ದು ಐದು ತಿಂಗಳು ಹಿಡಿಯಿತು. ಎಲ್ಲವೂ ಸಲೀಸಾಗಲಿಲ್ಲ. ಸವಣೂರಿನ ಒಬ್ಬ ಹುಡುಗನ ಹೃದಯ ತಾನಾಗಿ ಶುರುವಾಗಲೇ ಇಲ್ಲ. ಅವನಿಗೆ ಗಡಿಯಾರದ ಬಡಿತವೇ ಗತಿಯಾಯಿತು, ಈಗಲೂ ಇದೆ. ರಾಣೆಬೆನ್ನೂರಿನ ಒಬ್ಬ ತಾಯಿ, “ನನ್ನ ಮಗ ಜನ್ಮದಾಗ ಅಳದಿದ್ರೂ ನಡೀತೈತಿ,” ಎಂದು ಬಾಗಿಲು ಹಾಕಿಕೊಂಡಳು. ವತ್ಸಲಾ ನಾಲ್ಕು ಸಲ ಹೋಗಿ ಅವಳ ಕಟ್ಟೆಯ ಮೇಲೆ ಕೂತು ಬಂದಳು. ಐದನೆಯ ಸಲ ಬಾಗಿಲು ತೆರೆಯಿತು. ಆ ಹುಡುಗನೇ ಕೊನೆಯವನು.

ಅವನ ಸರದಿಯ ಹಿಂದಿನ ಸಂಜೆ ವತ್ಸಲಾ ಮನೆಯಲ್ಲಿ ಪ್ರಹ್ಲಾದನಿಗೆ ಎಲ್ಲವನ್ನೂ ಹೇಳಿದಳು. ಗೌತಮಿ ಹೋದ ಮೇಲೆ ಅವರಿಬ್ಬರೂ ಅವಳ ಹೆಸರೆತ್ತಿರಲಿಲ್ಲ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಅವನು ಉತ್ತರಪತ್ರಿಕೆ ತಿದ್ದುವುದನ್ನು ನಿಲ್ಲಿಸಿ ಪೆನ್ನು ಕೆಳಗಿಟ್ಟ.

“ನನಗ ಯಾಕ ಹೇಳಲಿಲ್ಲ?”

“ಹೇಳಿದ್ರ ನೀವು ನಿಲ್ಲಿಸ್ರಿ ಅಂತಿದ್ರಿ.”

“ಇಲ್ಲ,” ಎಂದ ಅವನು. “ನಾನೂ ಬಂದು ಕುಂಡ್ರತಿದ್ದೆ.”

ಮರುದಿನ ಅವನೂ ಬಂದ. ಕೊನೆಯ ಕಾವಲಿನಿಂದ ಮಾದರಿ ಏಳನ್ನು ತೆಗೆದ ಮೇಲೆ ಅದು ಉಳಿದದ್ದು ಸಂಸ್ಥೆಯ ಯಂತ್ರವೊಂದರಲ್ಲಿ ಮಾತ್ರ. ಡಾಕ್ಟರ್ ಇನಾಮದಾರ ಅದನ್ನು ಧ್ವನಿಗೆ ಜೋಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ಹೋದರು. ಗಂಡ ಹೆಂಡತಿ ಹನ್ನೊಂದು ನಿಮಿಷ ಕೇಳಿದರು. ಬರೀ ಟಿಕ್ ಟಿಕ್ ಸದ್ದು, ಓಡುತ್ತ, ತಡೆಯುತ್ತ. ಪ್ರಹ್ಲಾದ ಮೊದಲ ನಿಮಿಷದಲ್ಲೇ ಆ ಸದ್ದಿನ ಜೊತೆ ಉಸಿರಾಡತೊಡಗಿದ್ದನ್ನು ವತ್ಸಲಾ ನೋಡಿದಳು. ಅವನಿಗೆ ಅದು ಗೊತ್ತಿರಲಿಲ್ಲ. ಅವಳು ಅವನ ಭುಜ ಹಿಡಿದು ಅಲ್ಲಾಡಿಸಿದಳು. ಅವನು ನೀರಿನಿಂದ ಮೇಲೆ ಬಂದವನಂತೆ ಅವಳತ್ತ ನೋಡಿದ.

ಇನಾಮದಾರ ಮರಳಿ ಬಂದು, “ಒಂದು ಪ್ರತಿ ಮಾಡಿಕೊಡ್ತೀನಿ. ಮನ್ಯಾಗ ಇಟ್ಕೋರಿ,” ಎಂದರು.

ಉತ್ತರ ಕೊಟ್ಟವನು ಪ್ರಹ್ಲಾದ.

“ಬ್ಯಾಡ್ರಿ ಸರ್,” ಎಂದ. “ಇಟ್ಕೊಂಡ್ರ ಕೇಳ್ತೀವಿ.”